ಸೇಬಿನ ವಿನೆಗರ್: ಹುಳಿ ಎಷ್ಟು, ಹುಸಿ ಎಷ್ಟು?

ಧಾರವಾಡದ ಸಪ್ತಾಪುರದಲ್ಲಿ ನಾನಿರುವ ಪಿ.ಜಿ.ಯ ಫ್ರಿಜ್‌ನಲ್ಲಿ ಸದ್ಯ ನಾಲ್ಕು ಬಾಟಲಿ ಆ್ಯಪಲ್ ಸೈಡರ್ ವಿನೆಗರ್ ಇವೆ. ಪ್ರತಿಯೊಂದರ ಮೇಲೂ ಮಾರ್ಕರ್‌ನಲ್ಲಿ ಒಡತಿಯ ಹೆಸರು. ಹಾಲಿನ ಪ್ಯಾಕೆಟ್ ಯಾರದ್ದನ್ನಾದರೂ ಯಾರಾದರೂ ಬಳಸಬಹುದು, ಇದನ್ನು ಮಾತ್ರ ಮುಟ್ಟುವಂತಿಲ್ಲ. ಒಬ್ಬಳಿಗೆ ತೂಕ ಇಳಿಯಬೇಕು, ಇನ್ನೊಬ್ಬಳಿಗೆ ಮೊಡವೆ ಹೋಗಬೇಕು, ಮತ್ತೊಬ್ಬಳಿಗೆ ಕೂದಲು ಹೊಳೆಯಬೇಕು. ಪಿಎಸ್‌ಐ ಪರೀಕ್ಷೆಗೆ ಓದುತ್ತಿರುವ ನನ್ನ ರೂಮ್‌ಮೇಟ್‌ಗೆ ದೈಹಿಕ ಪರೀಕ್ಷೆಯ ಓಟದೊಳಗೆ ಹೊಟ್ಟೆ ಕರಗಬೇಕು. ಅರ್ಧ ಲೀಟರ್‌ಗೆ ಮುನ್ನೂರು ಚಿಲ್ಲರೆ ರೂಪಾಯಿ. ತಿಂಗಳ ಕೊನೆಗೆ ಮನೆಗೆ ಫೋನ್ ಮಾಡಿ ದುಡ್ಡು ಕೇಳುವ ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ.

ನಾನು ರಸಾಯನಶಾಸ್ತ್ರದ ವಿದ್ಯಾರ್ಥಿನಿ. ವಿನೆಗರ್‌ನಲ್ಲಿ ಎಷ್ಟು ಆಮ್ಲವಿದೆ ಎಂದು ಅಳೆಯುವುದು ಬಿ.ಎಸ್ಸಿ. ಪ್ರಾಕ್ಟಿಕಲ್‌ನ ಹಳೆಯ ಪ್ರಯೋಗ. ಫಿನಾಲ್ಫ್ಥಲೀನ್ ಎರಡು ಹನಿ ಹಾಕಿ, ಬ್ಯುರೆಟ್‌ನಿಂದ ಸೋಡಿಯಂ ಹೈಡ್ರಾಕ್ಸೈಡ್ ಬಿಡುತ್ತಾ ಹೋದರೆ ಒಂದು ಹನಿಗೆ ತಿಳಿ ಗುಲಾಬಿ ಬಣ್ಣ ಬಂದು ನಿಲ್ಲುತ್ತದೆ. ಗೋಬಿ ಮಂಚೂರಿ ಗಾಡಿಯವರು ಬಳಸುವ ಬಿಳಿ ವಿನೆಗರ್ ಇರಲಿ, ಸೇಬಿನದೇ ಇರಲಿ, ಅಳತೆಗೆ ಸಿಗುವುದು ಒಂದೇ ಅಸಿಟಿಕ್ ಆಮ್ಲ, ಹೆಚ್ಚೂಕಡಿಮೆ ಶೇ 4–5. ಸೇಬಿನ ರಸದ ಸಕ್ಕರೆಯನ್ನು ಯೀಸ್ಟ್ ಮದ್ಯಸಾರ ಮಾಡುತ್ತದೆ, ಆ ಮದ್ಯಸಾರವನ್ನು ಅಸಿಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಗಾಳಿಯ ನೆರವಿನಿಂದ ಹುಳಿ ಮಾಡುತ್ತದೆ. ಬಾಟಲಿಯ ತಳದಲ್ಲಿ ಮೋಡದಂತೆ ತೇಲುವ ‘ಮದರ್’ ಅಂದರೆ ಆ ಬ್ಯಾಕ್ಟೀರಿಯಾ ಮತ್ತು ಅದು ನೇಯ್ದ ಸೆಲ್ಯುಲೋಸ್. ಹೆಚ್ಚಿನ ಬೆಲೆ ಕೊಡುವುದು ಈ ತಾಯಿಗೇ!

ಹಾಗಾದರೆ ಎಲ್ಲವೂ ಸುಳ್ಳೇ? ಅಲ್ಲ. ತೊಡಕು ಇರುವುದೇ ಇಲ್ಲಿ. ಊಟದ ಜೊತೆ ವಿನೆಗರ್ ಹೋದರೆ ಹೊಟ್ಟೆಯಿಂದ ಆಹಾರ ಕೆಳಗಿಳಿಯುವುದು ನಿಧಾನವಾಗುತ್ತದೆ. ಹೀಗಾಗಿ ಅನ್ನ, ಬ್ರೆಡ್‌ನಂಥ ಪಿಷ್ಟದ ಊಟದ ಬಳಿಕ ರಕ್ತದ ಸಕ್ಕರೆ ಒಮ್ಮೆಲೇ ಜಿಗಿಯುವುದಿಲ್ಲ. ಅಮೆರಿಕದ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಕ್ಯಾರಲ್ ಜಾನ್‌ಸ್ಟನ್ ಮತ್ತು ಸಂಗಡಿಗರು 2004ರಲ್ಲಿ ಇದನ್ನು ತೋರಿಸಿದರು. ಆದರೆ ಅವರ ಪ್ರಯೋಗದಲ್ಲಿ ಇದ್ದವರು ಮೂವತ್ತಕ್ಕೂ ಕಡಿಮೆ ಜನ, ನೋಡಿದ್ದು ಊಟವಾದ ಮೇಲಿನ ಕೆಲವೇ ಹೊತ್ತನ್ನು. ತೂಕದ ವಿಚಾರದಲ್ಲಿ 2009ರ ಜಪಾನಿನ ಅಧ್ಯಯನವೊಂದನ್ನು ಎಲ್ಲರೂ ಹೇಳುತ್ತಾರೆ: 12 ವಾರ ದಿನವೂ ಕುಡಿದವರು ಇಳಿಸಿದ್ದು ಒಂದರಿಂದ ಎರಡು ಕೆ.ಜಿ. ಕುಡಿಯುವುದು ಬಿಟ್ಟ ಮೇಲೆ ಅದೂ ಮರಳಿತು. (ಅದನ್ನು ನಡೆಸಿದವರಲ್ಲಿ ವಿನೆಗರ್ ತಯಾರಿಸುವ ಕಂಪನಿಯ ಸಂಶೋಧಕರೇ ಇದ್ದರೆಂಬುದನ್ನು ರೀಲ್ಸ್‌ನವರು ಹೇಳುವುದಿಲ್ಲ.) 2014ರಲ್ಲಿ ಬ್ರಿಟನ್ನಿನ ಸಂಶೋಧಕರು ಇನ್ನೊಂದು ವಿಷಯ ಹೇಳಿದರು: ವಿನೆಗರ್ ಕುಡಿದವರಿಗೆ ಹಸಿವು ಕಡಿಮೆಯಾಗುವುದು ಬಹುಪಾಲು ಹೊಟ್ಟೆ ತೊಳಸುವುದರಿಂದ.

ನಮ್ಮ ವಯಸ್ಸಿನವರಿಗೆ ತೀರಾ ಹತ್ತಿರದ ಕಥೆ ಲೆಬನಾನಿನದು. 12ರಿಂದ 25 ವರ್ಷದ 120 ಜನರಿಗೆ ದಿನಕ್ಕೆ ಒಂದರಿಂದ ಮೂರು ಚಮಚ ವಿನೆಗರ್ ಕೊಟ್ಟರೆ ಮೂರು ತಿಂಗಳಲ್ಲಿ ಆರೇಳು ಕೆ.ಜಿ. ಇಳಿಯಿತು ಎಂಬ ಪ್ರಬಂಧ 2024ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಬಿಎಂಜೆ ಗುಂಪಿನ ಪತ್ರಿಕೆಯಲ್ಲಿ ಬಂತು. ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅಂಕಿಅಂಶದ ತಜ್ಞರು ಲೆಕ್ಕ ಮತ್ತೆ ಮಾಡಿ ನೋಡಿದರೆ ತಾಳೆಯಾಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಪತ್ರಿಕೆ ಆ ಪ್ರಬಂಧವನ್ನೇ ಹಿಂತೆಗೆದುಕೊಂಡಿತು. ಹಿಂತೆಗೆದ ಸುದ್ದಿ ನಮ್ಮ ಫ್ರಿಜ್‌ವರೆಗೆ ಬರಲಿಲ್ಲ, ಮೊದಲಿನ ಸುದ್ದಿ ಮಾತ್ರ ಬಂದಿತ್ತು.

ತೂಕ ಇಳಿಯದಿದ್ದರೆ ಮುನ್ನೂರು ರೂಪಾಯಿ ಹೋಯಿತು, ಅಷ್ಟೇ ತಾನೇ ಎಂದು ನಾನೂ ಸುಮ್ಮನಿರಬಹುದಿತ್ತು. ಆದರೆ ಒಂದು ದಿನ ಹಾವೇರಿಯ ಹಳ್ಳಿಯಿಂದ ಚಿಗವ್ವನ ಫೋನ್ ಬಂತು. ಅವಳಿಗೆ ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ.

‘ಏನವಾ, ನೀ ಕೆಮಿಸ್ಟ್ರಿ ಓದಾಕತ್ತಿ. ಆ ಸೇಬಿನ ಹುಳಿನೀರು ಕುಡದ್ರ ಸಕ್ಕರಿ ಇಳೀತೈತಂತ. ಗುಳಿಗಿ ಬಿಟ್ಟುಬಿಡ್ಲೇನು?’

ವಾಟ್ಸ್‌ಆ್ಯಪ್‌ನಲ್ಲಿ ಬಂದ ವಿಡಿಯೊ ನೋಡಿ, ಮಗನ ಕೈಲಿ ಬಾಟಲಿ ತರಿಸಿಯೂ ಆಗಿತ್ತು. ಊಟದ ನಂತರದ ಏರಿಕೆಯನ್ನು ಸ್ವಲ್ಪ ತಗ್ಗಿಸುವುದು ಬೇರೆ, ಹಗಲೂ ರಾತ್ರಿ ಸಕ್ಕರೆಯನ್ನು ಹತೋಟಿಯಲ್ಲಿಡುವುದು ಬೇರೆ. ಮೆಟ್‌ಫಾರ್ಮಿನ್ ಮಾತ್ರೆ ಯಕೃತ್ತು ಸಕ್ಕರೆ ಬಿಡುಗಡೆ ಮಾಡುವುದನ್ನೇ ಕಡಿಮೆ ಮಾಡುತ್ತದೆ. ಎರಡು ಚಮಚ ಹುಳಿ ಅದರ ಜಾಗದಲ್ಲಿ ನಿಲ್ಲಲಾರದು. ಇನ್ನು ಇನ್ಸುಲಿನ್ ಅಥವಾ ಸಕ್ಕರೆ ಜೋರಾಗಿ ಇಳಿಸುವ ಮಾತ್ರೆಗಳ ಜೊತೆ ಇದೂ ಸೇರಿದರೆ ಸಕ್ಕರೆ ಮಿತಿಗಿಂತ ಕೆಳಗೆ ಬೀಳಬಹುದು. ಹಳೆಯ ಸಕ್ಕರೆ ಕಾಯಿಲೆಯಿಂದ ಹೊಟ್ಟೆಯ ನರಗಳು ಸೋತವರಿಗೆ ಜೀರ್ಣವೇ ನಿಧಾನ, ಅದನ್ನು ಮತ್ತಷ್ಟು ನಿಧಾನ ಮಾಡುವುದು ಒಳ್ಳೆಯದಲ್ಲ. ಆಸ್ಟ್ರಿಯದಲ್ಲಿ 28 ವರ್ಷದ ಯುವತಿಯೊಬ್ಬಳು ಆರು ವರ್ಷ ದಿನಕ್ಕೆ 250 ಎಂ.ಎಲ್. ಕುಡಿದು, ರಕ್ತದ ಪೊಟ್ಯಾಷಿಯಂ ಕುಸಿದು, ಮೂಳೆ ಟೊಳ್ಳಾಗಿ ಆಸ್ಪತ್ರೆ ಸೇರಿದ್ದು 1998ರಲ್ಲೇ ವರದಿಯಾಗಿದೆ.

ನಾನು ಚಿಗವ್ವನಿಗೆ ಇಷ್ಟೆಲ್ಲ ಹೇಳಲಿಲ್ಲ. ‘ಗುಳಿಗಿ ಬಿಡಬ್ಯಾಡ. ಡಾಕ್ಟರ್‌ನ ಕೇಳದ ಒಂದೂ ಬಿಡಬ್ಯಾಡ. ಬಾಟ್ಲಿನೂ ಒಯ್ದು ತೋರಸು’ ಅಂದೆ. ಓದಿದವರು ಮನೆಯಲ್ಲಿ ಒಬ್ಬರಿದ್ದರೆ ಇಂಥ ಫೋನ್ ಅವರಿಗೇ ಬರುತ್ತದೆ, ನಿಮಗೂ ಬಂದಿರಬಹುದು. ‘ಅಯ್ಯೋ, ನನಗೆ ಗೊತ್ತಿಲ್ಲ’ ಎಂದು ಇಟ್ಟುಬಿಟ್ಟರೆ ಅವರು ಮತ್ತೆ ಆ ವಿಡಿಯೊವನ್ನೇ ನೋಡುತ್ತಾರೆ.

ಪಿ.ಜಿ.ಯಲ್ಲೂ ನಾನು ಯಾರ ಬಾಟಲಿಯನ್ನೂ ಎಸೆಯಿರಿ ಎಂದಿಲ್ಲ. ರೂಮ್‌ಮೇಟ್ ಬರಿಹೊಟ್ಟೆಗೆ ನೀರಿಲ್ಲದೆ ಎರಡು ಮುಚ್ಚಳ ಕುಡಿದು, ತಕ್ಷಣ ಬ್ರಷ್ ಮಾಡುತ್ತಿದ್ದಳು. ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನಲು ಶುರುವಾಗಿತ್ತು. ಆಮ್ಲ ತಾಗಿ ಮೆತ್ತಗಾದ ಎನಾಮಲ್ ಮೇಲೆ ಬ್ರಷ್ ಉಜ್ಜಿದರೆ ಆಗುವುದು ಅದೇ. ಕುಡಿಯಲೇಬೇಕೆಂದರೆ ಒಂದೆರಡು ಚಮಚವನ್ನು ದೊಡ್ಡ ಲೋಟ ನೀರಿಗೆ ಬೆರೆಸಿ, ಊಟದ ಜೊತೆ ಕುಡಿದು, ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬ್ರಷ್ ಮುಟ್ಟಬಾರದು. ಈಗ ಅವಳು ಅದನ್ನು ಸೌತೆಕಾಯಿ–ಉಳ್ಳಾಗಡ್ಡಿ ಪಚಡಿಗೆ ಹಾಕಿಕೊಳ್ಳುತ್ತಾಳೆ. ರುಚಿ ಚೆನ್ನಾಗಿದೆ, ನಾನೂ ತಿಂದೆ. ಮೊಡವೆಯವಳಿಗೆ ಮಾತ್ರ ಖಡಾಖಂಡಿತವಾಗಿ ಬೇಡ ಎಂದೆ, ಚರ್ಮದ ಮೇಲೆ ನೇರ ಹಚ್ಚಿ ಸುಟ್ಟುಕೊಂಡವರಿದ್ದಾರೆ.

ಚಿಗವ್ವ ತಾಲ್ಲೂಕು ಆಸ್ಪತ್ರೆಗೆ ಹೋಗಿ ಬಂದಳು. ಡಾಕ್ಟರ್ ಗುಳಿಗೆ ಮುಂದುವರಿಸಿ, ಮೂರು ತಿಂಗಳ ಸರಾಸರಿ ತಿಳಿಯುವ ರಕ್ತಪರೀಕ್ಷೆ ಬರೆದುಕೊಟ್ಟಿದ್ದಾರೆ. ಬಾಟಲಿ ಏನಾಯಿತು ಎಂದು ಕೇಳಿದೆ. ಉಪ್ಪು ಬೆರೆಸಿ ತಾಮ್ರದ ಕೊಡ ತಿಕ್ಕಿದಳಂತೆ.

‘ಹುಣಸಿಹಣ್ಣಿನಷ್ಟ ಲಕಲಕ ಅನ್ನಂಗಿಲ್ಲ ಬಿಡವಾ’ ಅಂದಳು.