ಅಗ್ರಿಮೆಂಟೇ ಇಲ್ಲದ ಮನೆ ಬಿಡೋದು ಹೇಗೆ?

ಹೊಸ ತಿಪ್ಪಸಂದ್ರದಲ್ಲಿ ಮೂವರು ಸೇರಿ ಮನೆ ಹಿಡಿದಿದ್ದೀರಿ. ಅಗ್ರಿಮೆಂಟ್ ಇಲ್ಲ, ಬಾಡಿಗೆ ಯುಪಿಐನಲ್ಲಿ ಹೋಗುತ್ತೆ. ಈಗ ನೀವೊಬ್ಬರೇ ಬಿಡಬೇಕು. 'ಪೇಪರೇ ಇಲ್ಲ, ಯಾವ ಡೆಪಾಸಿಟ್ಟು?' ಅಂತಾರೆ ಓನರ್.

ಪೇಪರ್ ಇಲ್ಲದಿದ್ದರೂ ನೀವು ಬಾಡಿಗೆದಾರರೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಮಿನ ಪ್ರಕಾರ ತಿಂಗಳ ಲೆಕ್ಕದ ಬಾಡಿಗೆಗೆ ಬಾಯಿಮಾತು, ಮನೆಯ ಸ್ವಾಧೀನ ಸಾಕು. ಬೇರೆ ಒಪ್ಪಂದ ಇಲ್ಲದಿದ್ದರೆ, 106ರ ಪ್ರಕಾರ 15 ದಿನದ ನೋಟಿಸ್ ಕೊಟ್ಟು ಮುಗಿಸಬಹುದು. ಅದು ಬರಹದಲ್ಲಿ, ಸಹಿ ಸಮೇತ ಇರಬೇಕು. ವಾಟ್ಸ್‌ಆ್ಯಪ್ ಮೆಸೇಜ್ ಹಾಕಿ, ಆದರೆ ಕಾಗದವೊಂದು ಅಂಚೆಯಲ್ಲೂ ಹೋಗಲಿ. ಬಿಡುತ್ತಿರುವುದು ನೀವು ಮಾತ್ರ, ಉಳಿದವರು ಇರುತ್ತಾರೆ ಅಂತ ಅದರಲ್ಲಿ ಬರೆಯಿರಿ.

1999ರ ಕರ್ನಾಟಕ ಬಾಡಿಗೆ ಕಾಯ್ದೆ ಕಾಪಾಡುತ್ತೆ ಅಂದ್ಕೋಬೇಡಿ. ಬೆಂಗಳೂರಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಬಾಡಿಗೆಗೆ ಅದು ಅನ್ವಯಿಸಲ್ಲ. ಆ ದುಡ್ಡಿಗೆ ಇಲ್ಲಿ ಮನೆ ತೋರಿಸಿ ನೋಡೋಣ!

ನಿಜವಾದ ಜಗಳ ಡೆಪಾಸಿಟ್‌ದು. ನೀವು ಬರುವಾಗ ದುಡ್ಡು ಕೊಟ್ಟಿದ್ದು ಓನರ್‌ಗಾ, ಖಾಲಿ ಮಾಡಿದ ಹಳೇ ರೂಮ್‌ಮೇಟ್‌ಗಾ? ನಮ್ಮಲ್ಲಿ ಹೆಚ್ಚಾಗಿ ಎರಡನೆಯದೇ. ಹಾಗಾದಾಗ ಓನರ್ 'ನೀನ್ಯಾರು?' ಅನ್ನೋದು ಸುಲಭ. ನಿಮ್ಮ ಪಾಲು ಇಷ್ಟು ಅಂತ ಓನರ್ ಒಪ್ಪಿದ ಒಂದು ಮೆಸೇಜ್ ಇದ್ದರೂ ಕೇಸ್ ಗಟ್ಟಿ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿಯೋದು ಬೆಂಗಳೂರಿನ ರೂಢಿಯಷ್ಟೇ, ಕಾನೂನಲ್ಲ. ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಅಂತ 108ನೇ ಕಲಮೇ ಹೇಳುತ್ತೆ. ಗೋಡೆ, ಮೀಟರ್ ಫೋಟೋ ತೆಗೆದುಕೊಂಡೇ ಕೀ ಕೊಡಿ. ದುಡ್ಡು ಬರದಿದ್ದರೆ ಸಿವಿಲ್ ದಾವೆಗೆ ಮೂರು ವರ್ಷ ಟೈಮಿದೆ.