ನಮ್ಮ ಮೆಟ್ರೊ ಹುಟ್ಟಿದ ದಿನ ಯಾವುದು?

ಮೈಸೂರಿನ ಜಯಲಕ್ಷ್ಮಿಪುರಂನಿಂದ ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿಯಲು ಹೊರಡುವವರಿಗೆ ರೈಲು ನಿಲ್ದಾಣ ತಲುಪುವುದು ದೊಡ್ಡ ಕೆಲಸವೇನಲ್ಲ. ಒಂಟಿಕೊಪ್ಪಲು ದಾಟಿದರೆ ಆಟೊದಲ್ಲಿ ಹತ್ತು ಹದಿನೈದು ನಿಮಿಷದ ದಾರಿ. ಫಜೀತಿ ಶುರುವಾಗುತ್ತಿದ್ದುದು ಸುಮಾರು 140 ಕಿ.ಮೀ. ಆಚೆ, ಬೆಂಗಳೂರಿನಲ್ಲಿ ಇಳಿದ ಮೇಲೆ. ಆಟೊದವರೊಡನೆ ಚೌಕಾಸಿ, ಇಲ್ಲವೇ ಮೆಜೆಸ್ಟಿಕ್ ಬಸ್ ನಿಲ್ದಾಣದ ನೂಕುನುಗ್ಗಲು. ವೈಟ್‌ಫೀಲ್ಡ್ ಕಡೆ ಕೆಲಸವಿದ್ದವರಂತೂ ಮೈಸೂರಿನಿಂದ ಬಂದಷ್ಟೇ ಹೊತ್ತನ್ನು ಮತ್ತೆ ರಸ್ತೆಯಲ್ಲಿ ಕಳೆದರೂ ಆಶ್ಚರ್ಯವಿರಲಿಲ್ಲ.

ಈ ಫಜೀತಿ ತಪ್ಪಿದ್ದು ಯಾವಾಗ? 'ಮೆಟ್ರೊ ಬಂದ ಮೇಲೆ' ಎಂಬುದು ಸುಲಭದ ಉತ್ತರ. ಹಾಗಾದರೆ ಮೆಟ್ರೊ ಬಂದದ್ದು ಯಾವಾಗ? ದಾಖಲೆಯ ಪ್ರಕಾರ 2011ರ ಅಕ್ಟೋಬರ್ 20. ಅಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ 'ನಮ್ಮ ಮೆಟ್ರೊ'ದ ಮೊದಲ ರೈಲು ಓಡಿತು. ಕೇಂದ್ರ ಸಚಿವ ಕಮಲನಾಥ್, ಮುಖ್ಯಮಂತ್ರಿ ಡಿ.ವಿ. ಸದಾನಂದಗೌಡರ ಸಮ್ಮುಖದಲ್ಲಿ ಸಮಾರಂಭವೂ ನಡೆಯಿತು. ಆದರೆ ಮೈಸೂರಿನಿಂದ ಬಂದಿಳಿದವರಿಗೆ ಅದರಿಂದ ಆದ ಪ್ರಯೋಜನ ಅಷ್ಟಕ್ಕಷ್ಟೇ. ಮೆಜೆಸ್ಟಿಕ್‌ನಿಂದ ಎಂ.ಜಿ. ರಸ್ತೆಗೆ ಹಿಂದಿನಂತೆ ಬಸ್ಸಿನಲ್ಲೇ ಹೋಗಬೇಕಿತ್ತು. ಅವರ ಪಾಲಿಗೆ ಮೆಟ್ರೊ ಹುಟ್ಟಿದ ದಿನ ಅದಲ್ಲ. ಅದು ನಾಲ್ಕೂವರೆ ವರ್ಷ ತಡವಾಗಿ, 2016ರ ಏಪ್ರಿಲ್ 30ರಂದು ಬಂತು. ಆ ದಿನದ ಕಥೆ ನೆಲದಡಿಯದು.

ನೆಲದಡಿಯ ರೈಲು ಜಗತ್ತಿಗೆ ಹೊಸತಲ್ಲ. ಲಂಡನ್ನಿನಲ್ಲಿ 1863ರ ಜನವರಿ 9ರಂದು ಗಣ್ಯರ ಪ್ರಯಾಣ ನಡೆದು, ಮರುದಿನ, ಅಂದರೆ ಜನವರಿ 10ರಂದು ಸಾರ್ವಜನಿಕರಿಗೆ ಮೊದಲ ಸುರಂಗ ರೈಲು ತೆರೆದುಕೊಂಡಿತು. ಎಳೆಯುತ್ತಿದ್ದುದು ಉಗಿಬಂಡಿ! ಆ ಹೊತ್ತಿಗೆ ಬೆಂಗಳೂರಿಗೆ ನೆಲದ ಮೇಲಿನ ರೈಲೂ ಬಂದಿರಲಿಲ್ಲ. ಜೋಲಾರಪೇಟೆಯಿಂದ ದಂಡು ಪ್ರದೇಶಕ್ಕೆ ಹಳಿ ಬಂದದ್ದು 1864ರಲ್ಲಿ. ಬೆಂಗಳೂರು-ಮೈಸೂರು ನಡುವಿನ ಮೀಟರ್ ಗೇಜ್ ಹಳಿ ಹಂತಹಂತವಾಗಿ ತೆರೆಯುತ್ತಾ ಮೈಸೂರು ಮುಟ್ಟಿದ್ದು 1882ರಲ್ಲಿ. ರೈಲು ತುಂಡು ತುಂಡಾಗಿ ಬರುವುದು ನಮ್ಮ ಕಡೆಯ ಹಳೆಯ ರೂಢಿಯೇ.

ಭಾರತದ ಮೊದಲ ಮೆಟ್ರೊ ಕೋಲ್ಕತ್ತದ್ದು. 1984ರ ಅಕ್ಟೋಬರ್ 24ರಂದು ಎಸ್ಪ್ಲನೇಡ್‌ನಿಂದ ಭವಾನಿಪುರದವರೆಗೆ 3.4 ಕಿ.ಮೀ. ಆರಂಭವಾಯಿತು. ಕೆಲವೇ ವಾರಗಳಲ್ಲಿ ಊರಿನ ಉತ್ತರ ತುದಿಯ ದಮ್‌ದಮ್‌ನಲ್ಲಿ ಇನ್ನೊಂದು ಪುಟ್ಟ ತುಂಡು ಆರಂಭವಾಯಿತು. ಈ ಎರಡು ತುಂಡುಗಳು ಒಂದಾಗಿ ಇಡೀ ಮಾರ್ಗ ಸಿದ್ಧವಾಗಲು 1995ರವರೆಗೆ ಕಾಯಬೇಕಾಯಿತು. ಬೆಂಗಳೂರಿನಲ್ಲಿ ಮುಂದೆ ಆದದ್ದೂ ಹೆಚ್ಚು ಕಡಿಮೆ ಇದೇ.

ಬೆಂಗಳೂರಿಗೆ ಇಂಥ ರೈಲು ಬೇಕೆಂಬ ಉದ್ದೇಶದಿಂದ ರಾಜ್ಯ ಸರ್ಕಾರ 1994ರಲ್ಲೇ ಒಂದು ಸಂಸ್ಥೆ ಕಟ್ಟಿತ್ತು. ಕಂಬಗಳ ಮೇಲೆ ಓಡುವ ಹಗುರ ರೈಲಿನ ಯೋಜನೆ ಕೆಲವು ವರ್ಷ ಸುದ್ದಿಯಲ್ಲಿದ್ದು ಮೂಲೆಗೆ ಸೇರಿತು. 2003ರಲ್ಲಿ ದೆಹಲಿ ಮೆಟ್ರೊ ನಿಗಮ ವಿವರವಾದ ವರದಿ ಕೊಟ್ಟಿತು. ಕೇಂದ್ರ ಸಂಪುಟದ ಒಪ್ಪಿಗೆ 2006ರ ಏಪ್ರಿಲ್‌ನಲ್ಲಿ ಸಿಕ್ಕಿ, ಜೂನ್ 24ರಂದು ಪ್ರಧಾನಿ ಮನಮೋಹನ್ ಸಿಂಗ್ ಶಂಕುಸ್ಥಾಪನೆ ನೆರವೇರಿಸಿದರು. ಆಗ ಲೆಕ್ಕ ಹಾಕಿದ್ದು 33 ಕಿ.ಮೀ. ಮಾರ್ಗಕ್ಕೆ 6,395 ಕೋಟಿ ರೂಪಾಯಿ. ಮೊದಲ ಹಂತ ಮುಗಿಯುವಾಗ ಮಾರ್ಗ 42.3 ಕಿ.ಮೀ. ಆಗಿತ್ತು. ವೆಚ್ಚ 13,845 ಕೋಟಿ ರೂಪಾಯಿಗೆ ಏರಿತ್ತು.

ಪೂರ್ವ-ಪಶ್ಚಿಮಕ್ಕೊಂದು, ಉತ್ತರ-ದಕ್ಷಿಣಕ್ಕೊಂದು ಮಾರ್ಗ. ಎರಡೂ ಮೆಜೆಸ್ಟಿಕ್‌ನಲ್ಲಿ ಒಂದನ್ನೊಂದು ಹಾಯಬೇಕು. ನಕ್ಷೆಯಲ್ಲಿ ಇದು ಸರಳವಾದ ಕೂಡುಚಿಹ್ನೆ. ಊರ ಹೊರವಲಯದ ಅಗಲ ರಸ್ತೆಗಳಲ್ಲಿ ಕಂಬ ನಿಲ್ಲಿಸಿ, ಅದರ ಮೇಲೆ ಹಳಿ ಹಾಸಬಹುದು. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಅದು ಸಾಧ್ಯವೇ? ಚಿಕ್ಕಪೇಟೆಯಲ್ಲಿ ಎದುರು ಬದುರು ಎರಡು ತಳ್ಳುಗಾಡಿ ಬಂದರೇ ದಾರಿ ಕಟ್ಟುತ್ತದೆ. ಇನ್ನು ವಿಧಾನಸೌಧದ ಮುಂದೆ ಕಾಂಕ್ರೀಟ್ ಸೇತುವೆ ಹಾಯುವುದನ್ನು ಯಾರೂ ಒಪ್ಪುತ್ತಿರಲಿಲ್ಲ. ಹೀಗಾಗಿ ನಡುವಿನ ಸುಮಾರು 8.8 ಕಿ.ಮೀ. ಭಾಗ ನೆಲದಡಿಗೆ ಇಳಿಯಿತು. ಕಬ್ಬನ್ ಪಾರ್ಕ್, ವಿಧಾನಸೌಧ, ಸೆಂಟ್ರಲ್ ಕಾಲೇಜು, ಮೆಜೆಸ್ಟಿಕ್, ಸಿಟಿ ರೈಲು ನಿಲ್ದಾಣ, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ ಹೀಗೆ ಏಳು ನಿಲ್ದಾಣಗಳು.

ಕೊರೆಯುವ ಯಂತ್ರದ ಕೆಲಸ ಕೇಳಲು ಸರಳ. ಮುಂಭಾಗದ ದೈತ್ಯ ಚಕ್ರ ತಿರುಗುತ್ತಾ ಮಣ್ಣು, ಕಲ್ಲನ್ನು ಕತ್ತರಿಸುತ್ತದೆ. ಅದರ ಬೆನ್ನಿಗೇ ಮೊದಲೇ ಎರಕ ಹೊಯ್ದ ಕಾಂಕ್ರೀಟ್ ತುಂಡುಗಳನ್ನು ಬಳೆಯಂತೆ ಜೋಡಿಸುತ್ತಾರೆ. ಆ ಬಳೆಗೆ ಜಾಕಿ ಒತ್ತಿ ಯಂತ್ರ ತನ್ನನ್ನೇ ಮುಂದಕ್ಕೆ ತಳ್ಳಿಕೊಳ್ಳುತ್ತದೆ. ಪೂರ್ತಿ ಮಣ್ಣಿದ್ದರೆ ಒಂದು ಬಗೆಯ ಯಂತ್ರ, ಪೂರ್ತಿ ಬಂಡೆಯಿದ್ದರೆ ಇನ್ನೊಂದು. ಬೆಂಗಳೂರಿನ ಹೊಟ್ಟೆಯಲ್ಲಿ ಇರುವುದು ಎರಡರ ಕಲಬೆರಕೆ. ಲಾಲ್‌ಬಾಗಿನಲ್ಲಿ ಹೊರಗೆ ಕಾಣುವ, ಸುಮಾರು 300 ಕೋಟಿ ವರ್ಷ ಹಳೆಯದೆನ್ನುವ ಬಂಡೆಯ ಬಳಗವೇ ಊರಿನ ತಳದಲ್ಲೂ ಹರಡಿದೆ. ಮೇಲ್ಭಾಗ ಶಿಥಿಲವಾಗಿ ಮಣ್ಣಾಗಿದೆ, ನಡುನಡುವೆ ಗಟ್ಟಿ ಗುಂಡುಗಳು ಉಳಿದಿವೆ. ಚಕ್ರದ ಅರ್ಧ ಭಾಗಕ್ಕೆ ಕಲ್ಲು, ಅರ್ಧ ಭಾಗಕ್ಕೆ ಮಣ್ಣು ಸಿಕ್ಕರೆ ಕಲ್ಲು ಕತ್ತರಿಸುವಷ್ಟರಲ್ಲಿ ಮಣ್ಣು ಕುಸಿದು ಬರುತ್ತದೆ. ಮೇಲಿರುವುದು ನೂರಾರು ವರ್ಷದ ಪೇಟೆ. ಅದರ ಗೋಡೆಗಳಿಗೆ ಬಿರುಕು ಬಿಟ್ಟರೆ ಗತಿಯೇನು?

ಈ ಯಂತ್ರಗಳಿಗೆ ಹೆಣ್ಣು ಹೆಸರಿಡುವ ವಾಡಿಕೆ ಯೂರೋಪಿನದು. ಗಣಿ ಕಾರ್ಮಿಕರನ್ನು ಕಾಯುವ ಸಂತ ಬಾರ್ಬರಾಳ ನೆನಪಿಗೆ ಎನ್ನುತ್ತಾರೆ. ಬೆಂಗಳೂರಿನ ಪೂರ್ವ-ಪಶ್ಚಿಮದ ಯಂತ್ರಗಳು ಹೆಲೆನ್, ಮಾರ್ಗರೀಟ. ಉತ್ತರ-ದಕ್ಷಿಣಕ್ಕೆ ಬಂದಾಗ ಹೆಸರು ನಮ್ಮವಾದವು: ಕಾವೇರಿ, ಕೃಷ್ಣಾ, ಗೋದಾವರಿ. ನದಿಗಳ ಹೆಸರಿದ್ದರೂ ವೇಗ ಬಸವನಹುಳುವಿನದು. ಗೋದಾವರಿಯಂತೂ ಚಿಕ್ಕಪೇಟೆ ಭಾಗದಲ್ಲಿ ಕೊರೆಯುವ ಚಕ್ರ ಕೆಡಿಸಿಕೊಂಡು ತಿಂಗಳುಗಟ್ಟಲೆ ನಿಂತುಬಿಟ್ಟಿತು.

ಕಂಬದ ಕೆಲಸ ಬೇಗ ಮುಗಿಯಿತು, ಸುರಂಗದ್ದು ಮುಗಿಯಲಿಲ್ಲ. ಆದ್ದರಿಂದ ತುದಿಗಳು ಮೊದಲು ಉದ್ಘಾಟನೆಯಾದವು. ನಡುವು ಖಾಲಿ ಉಳಿಯಿತು. 2011ರ ಮೊದಲ ತುಂಡು 6.7 ಕಿ.ಮೀ., ಆರು ನಿಲ್ದಾಣ. ರೈಲು ನೋಡಲೆಂದೇ ಮಕ್ಕಳು ಮರಿ ಕಟ್ಟಿಕೊಂಡು ಬಂದವರೇ ಮೊದಮೊದಲು ಹೆಚ್ಚು. 2014ರ ಮಾರ್ಚ್ 1ರಂದು ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ಹಸಿರು ಮಾರ್ಗ ಆರಂಭವಾಯಿತು. 2015ರ ಮೇ 1ರಂದು ಅದು ನಾಗಸಂದ್ರ ಮುಟ್ಟಿತು. ಅದೇ ವರ್ಷ ನವೆಂಬರ್ 16ರಂದು ಮಾಗಡಿ ರಸ್ತೆ-ಮೈಸೂರು ರಸ್ತೆ ನಡುವೆ ಇನ್ನೊಂದು ತುಂಡು. ಮೈಸೂರಿನವರಿಗೆ ತಮ್ಮ ಊರಿನ ಹೆಸರು ಹೊತ್ತ ನಿಲ್ದಾಣವೇನೋ ಸಿಕ್ಕಿತು. ಅಲ್ಲಿ ರೈಲು ಹತ್ತಿದರೆ ಹೋಗಬಹುದಾದದ್ದು ಮಾಗಡಿ ರಸ್ತೆಗೆ ಮಾತ್ರ! ಒಂದಕ್ಕೊಂದು ತಾಗದ ಮೂರು ರೈಲು ಒಂದೇ ಊರಿನಲ್ಲಿ ಓಡುತ್ತಿದ್ದವು.

2016ರ ಏಪ್ರಿಲ್ 29ರಂದು ಸುರಂಗದ ಮೊದಲ ಭಾಗದ ಉದ್ಘಾಟನೆಯಾಗಿ, ಮರುದಿನ ಜನರಿಗೆ ತೆರೆಯಿತು. ದಕ್ಷಿಣ ಭಾರತದ ಮೊದಲ ಸುರಂಗ ಮೆಟ್ರೊ ಅದು. ಎಂ.ಜಿ. ರಸ್ತೆ-ಮಾಗಡಿ ರಸ್ತೆ ನಡುವಿನ 4.8 ಕಿ.ಮೀ. ಕೂಡಿದ ಕೂಡಲೇ ಬೈಯಪ್ಪನಹಳ್ಳಿಯಿಂದ ಮೈಸೂರು ರಸ್ತೆಯವರೆಗೆ 18.1 ಕಿ.ಮೀ. ಒಂದೇ ಮಾರ್ಗವಾಯಿತು. ಈ ತುದಿಯಿಂದ ಆ ತುದಿಗೆ 33 ನಿಮಿಷ. ಚಾಮುಂಡಿ ಎಕ್ಸ್‌ಪ್ರೆಸ್‌ನಿಂದ ಇಳಿದವರು ನೆಲದಡಿಗಿಳಿದು ನೇರ ಇಂದಿರಾನಗರಕ್ಕೆ ಹೋಗುವಂತಾದದ್ದು ಆಗಲೇ. ಉತ್ತರ-ದಕ್ಷಿಣದ ಸುರಂಗ ಇನ್ನೂ ಒಂದು ವರ್ಷ ತೆಗೆದುಕೊಂಡಿತು. 2017ರ ಜೂನ್ 17ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಮರುದಿನ ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿಗೆ ಸಾರ್ವಜನಿಕರ ಸಂಚಾರ ಶುರುವಾಯಿತು. ಶಂಕುಸ್ಥಾಪನೆಯಿಂದ ಇಲ್ಲಿಗೆ ಹನ್ನೊಂದು ವರ್ಷ. ಹಳೆಯ ಪತ್ರಿಕೆ, ಪುಸ್ತಕಗಳಲ್ಲಿ ಮೆಟ್ರೊ ತಾರೀಕುಗಳು ಒಂದು ದಿನ ಆಚೀಚೆ ಕಂಡರೆ ಗಾಬರಿ ಬೇಡ: ಒಂದು ರಿಬ್ಬನ್ ಕತ್ತರಿಸಿದ ದಿನ, ಇನ್ನೊಂದು ಟಿಕೆಟ್ ಕೊಟ್ಟ ದಿನ. ಲಂಡನ್ನಿನಲ್ಲೂ ಹಾಗೆಯೇ ಆಗಿತ್ತಲ್ಲ.

ಎರಡೂ ಮಾರ್ಗ ಒಂದರ ಕೆಳಗೊಂದು ಹಾಯುವ ಮೆಜೆಸ್ಟಿಕ್ ನಿಲ್ದಾಣಕ್ಕೆ ನಾಡಪ್ರಭು ಕೆಂಪೇಗೌಡರ ಹೆಸರಿದೆ. ಮೇಲಿನ ಬಸ್ ನಿಲ್ದಾಣ ಇರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕೆರೆ ಹೋಗಿ ಬಸ್ಸು ಬಂತು, ಬಸ್ಸಿನ ಕೆಳಗೆ ಈಗ ರೈಲು. ಹೆಸರುಗಳ ಮಟ್ಟಿಗೆ ಮೈಸೂರಿನವರಿಗೆ ಈ ಸುರಂಗ ಅಪರಿಚಿತವೆನಿಸದು. ಮಾರುಕಟ್ಟೆಯ ನಿಲ್ದಾಣದಲ್ಲಿ ನಾಲ್ವಡಿಯವರ ಹೆಸರಿದೆ, ಸೆಂಟ್ರಲ್ ಕಾಲೇಜಿನದಕ್ಕೆ ಅವರ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು. ಆದರೆ 2017ರಲ್ಲಿ ಜನ ಬೀದಿಗಿಳಿದದ್ದು ಹೆಸರಿಗಾಗಿ ಅಲ್ಲ, ಲಿಪಿಗಾಗಿ. ನಿಲ್ದಾಣದ ಫಲಕಗಳಲ್ಲಿ ಕನ್ನಡ, ಇಂಗ್ಲಿಷ್ ಜೊತೆ ಹಿಂದಿ ಏಕೆ ಎಂಬ ಪ್ರಶ್ನೆ ದೊಡ್ಡ ಚಳವಳಿಯಾಯಿತು. ಮುಖ್ಯಮಂತ್ರಿ ಸಿದ್ದರಾಮಯ್ಯ ಆ ಜುಲೈನಲ್ಲಿ ಕೇಂದ್ರಕ್ಕೆ ಪತ್ರ ಬರೆದರು. ಹಿಂದಿ ಫಲಕಗಳು ಇಳಿದವು.

ಇದಕ್ಕೂ ಮುಂಚೆ ಮರಗಳಿಗಾಗಿ ಹೋರಾಟ ನಡೆದಿತ್ತು. ಜಯನಗರದ ಲಕ್ಷ್ಮಣರಾವ್ ಉದ್ಯಾನದ ಸಾಲುಮರ, ಲಾಲ್‌ಬಾಗಿನ ಅಂಚು ಕಳೆದುಕೊಳ್ಳುವುದನ್ನು ವಿರೋಧಿಸಿ 2009ರಲ್ಲಿ ಜನ ಪ್ರತಿಭಟಿಸಿದರು. ಎಂ.ಜಿ. ರಸ್ತೆಯ ನೆರಳಿನ ಕಾಲುದಾರಿಯೂ ಹೋಯಿತು. ಅದನ್ನು ಬೇರೆ ರೂಪದಲ್ಲಿ ಮತ್ತೆ ಕಟ್ಟಿಕೊಟ್ಟರಾದರೂ ಹಳೆಯದನ್ನು ಕಂಡವರು ಸಮಾಧಾನಪಟ್ಟಂತಿಲ್ಲ. ಉದ್ಘಾಟನೆಯ ಪಟ್ಟಿಗೆ ಸೇರದ ಇನ್ನೊಂದು ತಾರೀಕು 2023ರ ಜನವರಿ 10. ನಾಗವಾರದ ಬಳಿ ಕಟ್ಟುತ್ತಿದ್ದ ಕಂಬದ ಕಬ್ಬಿಣದ ಚೌಕಟ್ಟು ರಸ್ತೆಗೆ ಉರುಳಿತು. ದ್ವಿಚಕ್ರ ವಾಹನದಲ್ಲಿ ಹೋಗುತ್ತಿದ್ದ ತಾಯಿ ಮತ್ತು ಆಕೆಯ ಪುಟ್ಟ ಮಗ ಪ್ರಾಣ ಕಳೆದುಕೊಂಡರು. ಜೊತೆಗಿದ್ದ ತಂದೆ, ಮಗಳು ಬದುಕುಳಿದರು. ಮೆಟ್ರೊ ಇತಿಹಾಸ ಬರೆಯುವವರು ಈ ದಿನವನ್ನು ಬಿಡಬಾರದು.

ಎರಡನೆಯ ಹಂತದಲ್ಲಿ ತುಂಡಿನ ಕಥೆ ಮರುಕಳಿಸಿತು. ಕೊರೊನಾದಿಂದಾಗಿ 2020ರ ಮಾರ್ಚ್‌ನಿಂದ ಸೆಪ್ಟೆಂಬರ್ 7ರವರೆಗೆ ರೈಲೇ ಓಡಲಿಲ್ಲ. 2021ರ ಜನವರಿಯಲ್ಲಿ ಹಸಿರು ಮಾರ್ಗ ರೇಷ್ಮೆ ಸಂಸ್ಥೆಯವರೆಗೆ, ಆಗಸ್ಟ್‌ನಲ್ಲಿ ನೇರಳೆ ಮಾರ್ಗ ಕೆಂಗೇರಿಯವರೆಗೆ ಬೆಳೆದವು. 2023ರ ಮಾರ್ಚ್ 25ರಂದು ಪ್ರಧಾನಿ ನರೇಂದ್ರ ಮೋದಿ ಕೆ.ಆರ್. ಪುರ-ವೈಟ್‌ಫೀಲ್ಡ್ ಭಾಗ ಉದ್ಘಾಟಿಸಿದರು. 13.71 ಕಿ.ಮೀ. ಉದ್ದದ ಈ ಹೊಸ ಮಾರ್ಗಕ್ಕೂ ಹಳೆಯ ಬೈಯಪ್ಪನಹಳ್ಳಿಗೂ ನಡುವೆ ಉಳಿದಿದ್ದುದು ಎರಡೇ ಕಿ.ಮೀ. ಅಂತರ. ಬೆನ್ನಿಗಾನಹಳ್ಳಿಯ ಬಳಿ ರೈಲ್ವೆ ಹಳಿಗಳ ಮೇಲೆ ಉಕ್ಕಿನ ಸೇತುವೆ ಕೂರಿಸುವ ಕೆಲಸ ಬಾಕಿಯಿತ್ತು. ಅಷ್ಟು ದೂರಕ್ಕೆ ಆರು ತಿಂಗಳು ಜನ ರೈಲಿನಿಂದ ಇಳಿದು ಬಸ್ಸು ಹತ್ತಿ ಮತ್ತೆ ರೈಲು ಹತ್ತಿದರು.

ಆ ಅಂತರ ಮುಚ್ಚಿದ್ದು 2023ರ ಅಕ್ಟೋಬರ್ 9ರಂದು. ವಿಶೇಷವೆಂದರೆ ಅಂದು ಸಮಾರಂಭವಿಲ್ಲ, ಭಾಷಣವಿಲ್ಲ; ಬೆಳಗ್ಗೆ ರೈಲು ಸುಮ್ಮನೆ ಓಡಿತು. ವಿಧ್ಯುಕ್ತ ಉದ್ಘಾಟನೆ ವಿಡಿಯೊ ಮೂಲಕ ಅಕ್ಟೋಬರ್ 20ರಂದು ನಡೆಯಿತು. ಮೊದಲ ರೈಲು ಓಡಿ ಸರಿಯಾಗಿ ಹನ್ನೆರಡು ವರ್ಷ. ಅದೇ 9ರಂದು ಪಶ್ಚಿಮದಲ್ಲಿ ಚಲ್ಲಘಟ್ಟ ನಿಲ್ದಾಣವೂ ತೆರೆದು, ವೈಟ್‌ಫೀಲ್ಡ್‌ನಿಂದ ಅಲ್ಲಿಯವರೆಗೆ 43 ಕಿ.ಮೀ. ಮೀರಿದ ಒಂದೇ ಮಾರ್ಗವಾಯಿತು.

2024ರ ನವೆಂಬರ್‌ನಲ್ಲಿ ಹಸಿರು ಮಾರ್ಗ ಮಾದಾವರ ಮುಟ್ಟಿತು. ಮರುವರ್ಷ ಫೆಬ್ರುವರಿ 9ರಂದು ದರ ಏರಿ, ಗರಿಷ್ಠ 60 ರೂಪಾಯಿ ಇದ್ದದ್ದು 90 ಆಯಿತು. ಕೆಲವು ನಿಲ್ದಾಣಗಳ ನಡುವೆ ದರ ದುಪ್ಪಟ್ಟಾಗಿದ್ದರಿಂದ ಗದ್ದಲವೆದ್ದು, ಏರಿಕೆ ಶೇಕಡ 71 ಮೀರಬಾರದೆಂದು ನಿಗಮ ತಿದ್ದಿಕೊಂಡಿತು. ಆಗಸ್ಟ್ 10ರಂದು ಆರ್.ವಿ. ರಸ್ತೆ-ಬೊಮ್ಮಸಂದ್ರ ಹಳದಿ ಮಾರ್ಗದ ಉದ್ಘಾಟನೆ: 19.15 ಕಿ.ಮೀ., 16 ನಿಲ್ದಾಣ. ಹಳಿ ಸಿದ್ಧವಿದ್ದರೂ ರೈಲು ಬೋಗಿಗಳು ಬಾರದೆ ಕಾದ ಮಾರ್ಗವಿದು. ಆರಂಭದಲ್ಲಿ ಇದ್ದ ರೈಲು ಮೂರೇ, 25 ನಿಮಿಷಕ್ಕೊಂದರಂತೆ.

ದೊಡ್ಡ ಸುರಂಗ ಗುಲಾಬಿ ಮಾರ್ಗದ್ದು. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ 21 ಕಿ.ಮೀ.ಯಲ್ಲಿ 13.76 ಕಿ.ಮೀ. ನೆಲದಡಿ. ಮೊದಲ ಹಂತದ ಎರಡೂ ಸುರಂಗ ಮಾರ್ಗ ಸೇರಿದರೂ ಇದರಷ್ಟಿಲ್ಲ. ಇದಕ್ಕಾಗಿ ಇಳಿದ ಯಂತ್ರಗಳು ಒಂಬತ್ತು. ಊರ್ಜಾ ಎಂಬ ಯಂತ್ರ ದಂಡು ರೈಲು ನಿಲ್ದಾಣದಿಂದ ಕೊರೆದು ಶಿವಾಜಿನಗರದಲ್ಲಿ ಹೊರಬಂದದ್ದು 2021ರ ಸೆಪ್ಟೆಂಬರ್ 22ರಂದು. ಕೊನೆಯ ಯಂತ್ರ 2024ರ ಅಕ್ಟೋಬರ್‌ನಲ್ಲಿ ಕೆಲಸ ಮುಗಿಸಿತು. ಈ ಮಾರ್ಗ ನೇರಳೆ ಮಾರ್ಗವನ್ನು ಹಾಯುವುದು ಎಂ.ಜಿ. ರಸ್ತೆಯಲ್ಲಿ. 2011ರಲ್ಲಿ ಮೊದಲ ರೈಲು ಕೊನೆ ಮುಟ್ಟಿದ ನಿಲ್ದಾಣದ ಪಕ್ಕದಲ್ಲೇ, ನೆಲದಡಿ.

ಅಂದಹಾಗೆ, ಮೈಸೂರಿನಿಂದ ವೈಟ್‌ಫೀಲ್ಡ್ ಕಡೆ ಹೊರಟವರು ಈಗ ಬೆಂಗಳೂರಿನ ದೊಡ್ಡ ನಿಲ್ದಾಣದವರೆಗೆ ಹೋಗಲೇಬೇಕೆಂದಿಲ್ಲ. ಚಾಮುಂಡಿ ಎಕ್ಸ್‌ಪ್ರೆಸ್ ಕೆಂಗೇರಿಯಲ್ಲಿ ನಿಲ್ಲುತ್ತದೆ. ಅಲ್ಲಿಂದ ಬಸ್ ನಿಲ್ದಾಣದ ಬಳಿಯ ಮೆಟ್ರೊ ಹತ್ತಿರವೇ ಇದೆ. ಹತ್ತಿ ಕುಳಿತರೆ ಮೈಸೂರು ರಸ್ತೆ, ಮೆಜೆಸ್ಟಿಕ್, ಬೈಯಪ್ಪನಹಳ್ಳಿ ದಾಟುವಾಗಲೂ ಎಲ್ಲಿಯೂ ಇಳಿದು ರೈಲು ಬದಲಿಸಬೇಕಿಲ್ಲ.