ವಿದ್ಯೆಗೂ ವೃತ್ತಿಗೂ ನಡುವಣ ಕಾಲ

ಪಟ್ಟಂದೂರು ಅಗ್ರಹಾರವೆಂಬ ಹೆಸರನ್ನು ಮೆಟ್ರೊ ನಿಲ್ದಾಣದ ಫಲಕದಲ್ಲಿ ದಿನವೂ ಓದುವವರು ಬಹುಮಂದಿ; ಅದರ ಅರ್ಥವನ್ನು ವಿಚಾರಿಸುವವರು ವಿರಳ. ಅಗ್ರಹಾರವೆಂದರೆ ವಿದ್ವಾಂಸರ ಜೀವನೋಪಾಯಕ್ಕಾಗಿ ದತ್ತಿಯಾಗಿ ಬಿಟ್ಟ ಗ್ರಾಮ. ಓದುವುದೂ ಓದಿಸುವುದೂ ಅಲ್ಲಿಯವರ ಧರ್ಮ. 1990ರ ದಶಕದಲ್ಲಿ ಇದರ ನೆರೆಯಲ್ಲಿ ಇಂಟರ್‌ನ್ಯಾಷನಲ್ ಟೆಕ್ ಪಾರ್ಕ್ ತಲೆಯೆತ್ತಿದ ಮೇಲೆ ಊರಿನ ಸ್ವರೂಪವೇ ಬೇರೆಯಾಯಿತು. ಹೊಲಗಳಿದ್ದ ಕಡೆ ಬಹುಮಹಡಿಯ ಮನೆಗಳೂ, ‘ಪಿ.ಜಿ.’ ಎಂದು ಕರೆಯಿಸಿಕೊಳ್ಳುವ ಊಟ-ವಸತಿಯ ಮನೆಗಳೂ ತುಂಬಿಕೊಂಡಿವೆ. ಆದರೂ ಹಳೆಯ ಹೆಸರು ಒಂದು ವಿಧದಲ್ಲಿ ಸಾರ್ಥಕವಾಗಿಯೇ ಉಳಿದಿದೆ. ನಾಡಿನ ನಾನಾ ಜಿಲ್ಲೆಗಳಲ್ಲಿ ಓದಿ ಪದವಿ ಪಡೆದ ತರುಣ ತರುಣಿಯರು ಈಗಲೂ ಇಲ್ಲಿಗೆ ಬಂದು ಸೇರುವರು. ಅವರಲ್ಲಿ ಕೆಲಸಕ್ಕೆ ಹೋಗುವವರಂತೆಯೇ, ಕೆಲಸದ ಕರೆಯನ್ನು ನಿರೀಕ್ಷಿಸುತ್ತ ಕುಳಿತವರೂ ಉಂಟು. ಆ ನಿರೀಕ್ಷೆಯ ಕಾಲವನ್ನು ಹೇಗೆ ಕಳೆಯತಕ್ಕದ್ದೆಂಬುದೇ ಈ ಲೇಖನದ ವಿಷಯ.

ಈ ಅಂತರವು ಹುಟ್ಟುವ ಬಗೆ ಹೀಗಿದೆ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷ ನಡೆಯುತ್ತಿರುವಾಗಲೇ ಕಂಪನಿಯವರು ಬಂದು ವಿದ್ಯಾರ್ಥಿಗಳನ್ನು ಆರಿಸಿ ಆಫರ್ ಲೆಟರನ್ನು ಕೊಡುವರು. ಪರೀಕ್ಷೆ ಮುಗಿಯುವುದು ಒಂದು ಕಾಲಕ್ಕೆ. ಕೆಲಸಕ್ಕೆ ಸೇರುವ ದಿನ ಗೊತ್ತಾಗುವುದು ಕಂಪನಿಯ ಅನುಕೂಲಕ್ಕೆ ಬಂದ ಕಾಲಕ್ಕೆ. ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಿಡುವು ದೊರೆಯುವುದು. ಆದರೆ 2022ರಲ್ಲಿ ಪದವಿಯನ್ನೂ ಪತ್ರವನ್ನೂ ಪಡೆದ ಕೆಲವರು 2024ರವರೆಗೆ ಕಾಯಬೇಕಾಯಿತು. ಎರಡು ತಿಂಗಳೆಂದು ನಂಬಿದ್ದು ಎರಡು ವರ್ಷವಾದಾಗ ತರುಣರ ಮನಸ್ಸು ಎಷ್ಟು ಕುಗ್ಗುವುದೆಂಬುದನ್ನು ಹೇಳಬೇಕಾಗಿಲ್ಲ. ಆದುದರಿಂದ ಈ ಕಾಲವನ್ನು ಬರಿಯ ರಜವೆಂದು ಎಣಿಸುವುದೂ ತಪ್ಪು, ಶಿಕ್ಷೆಯೆಂದು ಎಣಿಸುವುದೂ ತಪ್ಪು.

ನಮ್ಮ ಹಿರಿಯರು ಇದಕ್ಕೆ ಒಂದು ಸ್ಥಾನವನ್ನು ಕಲ್ಪಿಸಿದ್ದರು. ಗುರುಕುಲದಲ್ಲಿ ವಿದ್ಯೆ ಮುಗಿದವನು ಸಮಾವರ್ತನದ ದಿನ ಮಂಗಲಸ್ನಾನ ಮಾಡಿ ‘ಸ್ನಾತಕ’ನೆನಿಸುತ್ತಿದ್ದನು. ಇಂದಿಗೂ ನಮ್ಮ ವಿಶ್ವವಿದ್ಯಾನಿಲಯಗಳು ಬಳಸುವ ‘ಸ್ನಾತಕೋತ್ತರ’ವೆಂಬ ಮಾತಿಗೆ ಮೂಲವು ಇದೇ. ಸ್ನಾತಕನಿಗೆ ಗುರುವಿನ ಅಂಕೆ ತಪ್ಪಿರುವುದು. ಸಂಸಾರದ ಹೊಣೆ ಇನ್ನೂ ಹೆಗಲಿಗೆ ಬಂದಿರುವುದಿಲ್ಲ. ಹೀಗೆ ಒಡೆಯನಿಲ್ಲದ ಕಾಲವಾದುದರಿಂದಲೇ ಇರಬೇಕು, ಧರ್ಮಸೂತ್ರಕಾರರು ಅವನ ನಡೆನುಡಿಗೆಂದು ಪ್ರತ್ಯೇಕ ವ್ರತಗಳನ್ನು ವಿಧಿಸಿದರು. ನಮ್ಮ ಮದುವೆಗಳಲ್ಲಿ ವರನು ಕೊಡೆ, ಕೋಲು, ಪಾದರಕ್ಷೆಗಳೊಡನೆ ಕಾಶೀಯಾತ್ರೆಗೆ ಹೊರಡುವುದೂ, ಕನ್ಯಾಪಿತೃವು ಅವನನ್ನು ತಡೆದು ಕರೆತರುವುದೂ ಇಂದು ನಗೆಯ ಪ್ರಸಂಗವಾಗಿದೆ; ಆದರೆ ವಿದ್ಯೆ ಮುಗಿದವನ ಎದುರಿಗೆ ಹಲವು ದಾರಿಗಳು ತೆರೆದಿದ್ದ ಕಾಲದ ನೆನಪು ಅದರಲ್ಲಿ ಅಡಗಿದೆ.

ಪರದೇಶಗಳಲ್ಲಿಯೂ ಇಂಥ ಪದ್ಧತಿ ಇಲ್ಲದಿಲ್ಲ. ಜರ್ಮನಿಯ ಬಡಗಿಗಳೇ ಮೊದಲಾದ ಕುಶಲಕರ್ಮಿಗಳಲ್ಲಿ ಕೆಲವರು ಕಲಿಕೆಯನ್ನು ಮುಗಿಸಿದ ಮೇಲೆ ಮೂರು ವರ್ಷ ಒಂದು ದಿನ ಊರೂರು ತಿರುಗಿ, ಬೇರೆ ಬೇರೆ ಯಜಮಾನರ ಕೈಕೆಳಗೆ ದುಡಿಯುವರು; ಅಷ್ಟು ಕಾಲವೂ ಸ್ವಂತ ಊರಿನ ಐವತ್ತು ಕಿಲೋಮೀಟರಿನ ಒಳಗೆ ಕಾಲಿಡಬಾರದೆಂಬುದು ಅವರ ಕಟ್ಟಳೆ. ನಮ್ಮಲ್ಲಿ 1915ರಲ್ಲಿ ದಕ್ಷಿಣ ಆಫ್ರಿಕದಿಂದ ಹಿಂದಿರುಗಿದ ಗಾಂಧಿಯವರು, ಗೋಖಲೆಯವರ ಮಾತಿನಂತೆ ಒಂದು ವರ್ಷ ರಾಜಕೀಯ ವಿಷಯಗಳಲ್ಲಿ ಬಾಯಿ ತೆರೆಯದೆ, ರೈಲಿನ ಮೂರನೆಯ ತರಗತಿಯಲ್ಲಿ ಕುಳಿತು ದೇಶವನ್ನು ನೋಡಿದರು. ಅವರಿಗೆ ಆಗ ನಲವತ್ತೈದು ವರ್ಷ ವಯಸ್ಸು. ಹೆಸರು ದೇಶದಲ್ಲೆಲ್ಲ ಹರಡಿತ್ತು. ಅಂಥವರಿಗೂ ಕೆಲಸಕ್ಕೆ ಮೊದಲು ಒಂದು ವರ್ಷ ನೋಡುವುದೂ ಕೇಳುವುದೂ ಅಗತ್ಯವೆಂದು ತೋರಿದ್ದರೆ, ಇಪ್ಪತ್ತೆರಡರ ತರುಣನು ಆರು ತಿಂಗಳಿಗೆ ನಾಚಬೇಕಾದುದೇನಿದೆ?

ಇನ್ನು ಕಾರ್ಯಕ್ರಮದ ಮಾತು. ಮೊದಲನೆಯದಾಗಿ, ದಿನಕ್ಕೆ ಒಂದು ಕಟ್ಟು ಬೇಕು. ಕಾಲೇಜಿನ ಗಂಟೆಯಿಲ್ಲದ ಮನೆಯಲ್ಲಿ ಏಳುವುದು ಹತ್ತಕ್ಕಾಗಿ, ಮಲಗುವುದು ಎರಡಕ್ಕಾಗಿ, ನಡುವಣ ಕಾಲವನ್ನೆಲ್ಲ ಕೈಯಲ್ಲಿರುವ ಮೊಬೈಲು ನುಂಗಿಬಿಡುವುದು. ಏಳುವ ಹೊತ್ತು, ನಡೆಯುವ ಹೊತ್ತು, ಓದುವ ಹೊತ್ತು ಈ ಮೂರನ್ನು ಗೊತ್ತುಮಾಡಿಕೊಂಡವನಿಗೆ ಉಳಿದವು ತಾವಾಗಿಯೇ ಹೊಂದಿಕೊಳ್ಳುವುವು.

ಎರಡನೆಯದಾಗಿ, ಕಾಗದಪತ್ರಗಳನ್ನು ಸರಿಪಡಿಸಿಕೊಳ್ಳಬೇಕು. ನಮ್ಮ ನಾಡಿನವರಿಗೆ ಮನೆತನದ ಹೆಸರಿಗಿಂತ ಇನಿಷಿಯಲ್ಲೇ ರೂಢಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರದಲ್ಲಿ ಮುಂದೆ, ಪಾನ್ ಕಾರ್ಡಿನಲ್ಲಿ ತಂದೆಯ ಹೆಸರು ಪೂರ್ತಿ ಇರುವುದು ಸಾಮಾನ್ಯ. ಕೆಲಸಕ್ಕೆ ಸೇರುವ ವಾರದಲ್ಲಿ ಈ ತೊಡಕು ತಲೆದೋರಿದರೆ ಓಡಾಟಕ್ಕೆ ಕೊನೆಯಿಲ್ಲ. ಪಾಸ್‌ಪೋರ್ಟು ಇಲ್ಲದವರು ಈಗಲೇ ಅರ್ಜಿ ಹಾಕುವುದು ಲೇಸು. ವಿದ್ಯಾಭ್ಯಾಸದ ಸಾಲ ಮಾಡಿದವರು ಬ್ಯಾಂಕಿಗೆ ಹೋಗಿ ಕರಾರನ್ನು ಓದಬೇಕು. ಸಾಮಾನ್ಯವಾಗಿ ಓದು ಮುಗಿದ ಮೇಲೆ ಒಂದು ವರ್ಷ ಕಂತನ್ನು ಕಟ್ಟಬೇಕಾಗಿಲ್ಲ. ಆದರೆ ಆ ವರ್ಷದಲ್ಲಿಯೂ ಬಡ್ಡಿ ಬೆಳೆಯುತ್ತಿರುವುದೆಂಬುದನ್ನು ಮರೆಯಬಾರದು.

ಮೂರನೆಯದು, ಸಂಬಳ ಬಂದ ಮೇಲೆ ಕೊಂಡು ತರಲಾಗದ ವಿದ್ಯೆಗಳನ್ನು ಕಲಿಯುವುದು. ಅನ್ನ, ಸಾರು, ಪಲ್ಯ ಮಾಡಲು ಬಲ್ಲವನು ಪಿ.ಜಿ.ಯ ಊಟ ಹಿಡಿಸದೆ ಹೊಟ್ಟೆ ಕೆಡಿಸಿಕೊಳ್ಳುವುದಿಲ್ಲ. ಮನೆಯ ಖಾತೆ ಯಾರ ಹೆಸರಿನಲ್ಲಿದೆ, ಪಹಣಿಯಲ್ಲಿ ಏನು ಬರೆದಿದೆ, ತಂದೆಯವರು ನಿತ್ಯ ತೆಗೆದುಕೊಳ್ಳುವ ಮಾತ್ರೆ ಯಾವುದು, ಕರೆಂಟಿನ ಬಿಲ್ಲು ಎಷ್ಟು ಬರುವುದು ಎಂಬಿವನ್ನು ತಿಳಿಯದೆಯೇ ಪದವೀಧರರಾದವರು ಹೆಚ್ಚು. ಅಜ್ಜ ಅಜ್ಜಿಯರಿದ್ದರೆ ಅವರ ಬಳಿ ಕುಳಿತು ಮನೆತನದ ಕಥೆಯನ್ನು ಕೇಳಿ ಬರೆದಿಡುವುದು ಇನ್ನೂ ದೊಡ್ಡ ಲಾಭ. ಮುಂದೆ ವರ್ಷಕ್ಕೆ ನಾಲ್ಕು ದಿನ ಊರಿಗೆ ಬರುವವನಿಗೆ ಆ ಬಿಡುವು ದೊರೆಯದು. ದೊರೆತಾಗ ಅವರು ಇರುವರೆಂಬ ನೆಚ್ಚಿಕೆಯೂ ಇಲ್ಲ.

ನಾಲ್ಕನೆಯದು, ಅಲ್ಪವ್ಯಯದ ಸಂಚಾರ. ದೂರದೇಶಕ್ಕೇ ಹೋಗಬೇಕೆಂದಿಲ್ಲ. 2023ರ ಅಕ್ಟೋಬರಿನಿಂದ ಮೆಟ್ರೊವಿನ ನೇರಳೆ ಮಾರ್ಗವು ವೈಟ್‌ಫೀಲ್ಡಿನಿಂದ ಚಲ್ಲಘಟ್ಟದವರೆಗೆ ಅಖಂಡವಾಗಿ ಓಡುತ್ತಿದೆ. ಪಟ್ಟಂದೂರು ಅಗ್ರಹಾರದಲ್ಲಿ ಹತ್ತಿದವನು ಗಾಡಿ ಬದಲಿಸದೆ ಕಬ್ಬನ್ ಪಾರ್ಕಿನಲ್ಲಿ ಇಳಿಯಬಹುದು. ಅಲ್ಲಿ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ ರಾಜ್ಯ ಕೇಂದ್ರ ಗ್ರಂಥಾಲಯವಿದೆ. ಕಸ್ತೂರಬಾ ರಸ್ತೆಯಲ್ಲಿ 1865ರಲ್ಲಿ ಸ್ಥಾಪಿತವಾದ ಸರ್ಕಾರಿ ವಸ್ತುಸಂಗ್ರಹಾಲಯವೂ, ಅದರ ಬಳಿಯಲ್ಲಿಯೇ ವಿಶ್ವೇಶ್ವರಯ್ಯನವರ ಹೆಸರಿನ ಯಂತ್ರಗಳ ವಸ್ತುಸಂಗ್ರಹಾಲಯವೂ ಇವೆ. ಪಠ್ಯದ ಹೊರಗಿನ ಒಂದು ಒಳ್ಳೆಯ ಪುಸ್ತಕವನ್ನು ಪೂರ್ತಿಯಾಗಿ ಓದಲು ಇದಕ್ಕಿಂತ ತಕ್ಕ ಕಾಲ ಬೇರೊಂದಿಲ್ಲ.

ಪತ್ರವೇ ಬಾರದವರು ಸುಮ್ಮನೆ ಕೂರಬೇಕೆಂದಿಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಪದವೀಧರರಿಗೂ ಡಿಪ್ಲೊಮಾ ಪಡೆದವರಿಗೂ ಭತ್ಯೆಯೊಡನೆ ಒಂದು ವರ್ಷದ ಕಾರ್ಯಶಿಕ್ಷಣ ದೊರೆಯುವುದುಂಟು. ಕರ್ನಾಟಕ ಸರ್ಕಾರವು 2024ರ ಜನವರಿಯಲ್ಲಿ ಆರಂಭಿಸಿದ ಯುವನಿಧಿ ಯೋಜನೆಯಂತೆ, ತೇರ್ಗಡೆಯಾಗಿ 180 ದಿನಗಳಾದರೂ ಕೆಲಸ ದೊರೆಯದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷದವರೆಗೆ ಎಂದು ಗೊತ್ತುಮಾಡಲಾಯಿತು. ಆದರೆ ಹಣ ಕೊಟ್ಟರೆ ಕೆಲಸ ಕೊಡಿಸುವೆವೆಂದು ಬರುವ ಮಧ್ಯಸ್ಥರನ್ನು ಬಾಗಿಲಿನಿಂದಲೇ ಕಳುಹಿಸತಕ್ಕದ್ದು. ಕೆಲಸ ಕೊಡುವವನು ಸಂಬಳ ಕೊಡುವನೇ ಹೊರತು ಠೇವಣಿ ಕೇಳುವುದಿಲ್ಲ. ಕಾಯುವವನ ಆತುರವೇ ವಂಚಕನ ಬಂಡವಾಳ.

ಕೊನೆಯದಾಗಿ, ಗೃಹಸ್ಥರಿಗೆ ಎರಡು ಮಾತು. ಮಗನು ಮನೆಯಲ್ಲಿದ್ದರೆ ನೆಂಟರಿಷ್ಟರು ಬಂದು, “ಏನಪ್ಪಾ, ಇನ್ನೂ ಸೇರಲಿಲ್ಲವೆ?” ಎಂದು ಕೇಳುವರು. ಆ ಪ್ರಶ್ನೆಗೆ ಹುಡುಗನೇ ಉತ್ತರ ಹೇಳಿ ತಲೆತಗ್ಗಿಸುವಂತೆ ಬಿಡದೆ, ತಂದೆತಾಯಿಗಳೇ ಮುಂದಾಗಿ ಸಮಾಧಾನ ಹೇಳಬೇಕು. ಮಗಳ ಕಷ್ಟ ಇನ್ನೊಂದು ಬಗೆಯದು. ಅಣ್ಣನಿಗೆ ಬಿಡುವೆನಿಸಿದ ಕಾಲ ಅವಳಿಗೆ ಅಡಿಗೆಮನೆಯ ಚಾಕರಿಯಾಗುವುದು. ಮೂರು ತಿಂಗಳು ಕಳೆಯುವುದರೊಳಗೆ ಜಾತಕಗಳು ಹೊರಗೆ ಬರುವುವು. ನಾಲ್ಕು ವರ್ಷ ಓದಿ ಆಫರ್ ಲೆಟರನ್ನು ಕೈಯಲ್ಲಿ ಹಿಡಿದ ಹುಡುಗಿಯು, ಸೇರುವ ದಿನ ತಡವಾಯಿತೆಂಬ ಒಂದೇ ಕಾರಣದಿಂದ ಆ ಕೆಲಸವನ್ನು ಬಿಟ್ಟುಕೊಡುವಂತಾದರೆ, ನಷ್ಟ ಅವಳೊಬ್ಬಳದಲ್ಲ, ಮನೆತನದ್ದು. ಅಡಿಗೆ ಇಬ್ಬರೂ ಕಲಿಯಲಿ. ಬಿಡುವು ಇಬ್ಬರಿಗೂ ಇರಲಿ.

ತೈತ್ತಿರೀಯೋಪನಿಷತ್ತಿನಲ್ಲಿ ಗುರುವು ಮನೆಗೆ ಹೊರಟ ಶಿಷ್ಯನಿಗೆ ಕೊಡುವ ಉಪದೇಶಗಳಲ್ಲಿ, ಸ್ವಾಧ್ಯಾಯದಲ್ಲಿ ಮೈಮರೆಯಬಾರದೆಂಬುದೂ ಒಂದು. ಪಾಠ ಹೇಳುವವರು ಇರುವಾಗ ಓದುವುದು ಎಲ್ಲರಿಗೂ ಸಾಧ್ಯ. ಹೇಳುವವರಾಗಲಿ ಕೇಳುವವರಾಗಲಿ ಇಲ್ಲದಿರುವಾಗ ತನ್ನ ದಿನವನ್ನು ತಾನೇ ಆಳಿಕೊಳ್ಳಬಲ್ಲವನು, ಕಂಪನಿಯ ಕರೆ ನಾಳೆ ಬರಲಿ, ಮುಂದಿನ ವರ್ಷ ಬರಲಿ, ಸಿದ್ಧನಾಗಿಯೇ ಇರುವನು.